ಹೊಸ ಸಸ್ಪೆನ್ಷನ್ ಹಾಕಿಸಲು ಹೋಗಿ ಹಳೇ ಕಮಾನ್ ಪಟ್ಟಿಯಲ್ಲೇ ವಾಪಸ್ ಬಂದೆ

ಅಪ್ಪನ 1986ರ ಮಹೀಂದ್ರ ಪಿಕಪ್ಪಿಗೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಒಂದೊಂದು ಚಕ್ರವೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವ ವ್ಯವಸ್ಥೆ) ಹಾಕಿಸೋಣ ಅಂತ ಮೈಸೂರಿನ ಬನ್ನಿಮಂಟಪದ ಕಡೆಯ ಒಂದು ಗ್ಯಾರೇಜಿಗೆ ಹೋಗಿದ್ದೆ. ಈಗಿರುವುದು ಮುಂದಿನ ಎರಡೂ ಚಕ್ರ ಸೇರಿಸುವ ಒಂದೇ ಆಕ್ಸಲ್, ಅದಕ್ಕೆ ಕಮಾನ್ ಪಟ್ಟಿ, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. ಎಡ ಚಕ್ರ ಗುಂಡಿಗೆ ಇಳಿದರೆ ಬಲ ಚಕ್ರವೂ ವಾಲುತ್ತದೆ, ಸ್ಟೇರಿಂಗ್ ಕೈಯಲ್ಲೇ ಕುಣಿಯುತ್ತದೆ. ಕಬ್ಬಿನ ಗದ್ದೆ ದಾರಿಯಲ್ಲಿ ಅದರ ಕಷ್ಟ ಸೊಂಟಕ್ಕೇ ಗೊತ್ತು.

ಬೇರೆಯವರಾಗಿದ್ದರೆ ಅಡ್ವಾನ್ಸ್ ಇಸ್ಕೊಂಡು ಗ್ಯಾಸ್ ಕಟರ್ ಹಿಡಿಯುತ್ತಿದ್ದರು. ಈ ಮೇಸ್ತ್ರಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗಾಡಿಯ ಚಾಸಿ (ಅಡಿಯ ಚೌಕಟ್ಟು) ಬರೆದರು. "ಆಕ್ಸಲ್ ತೆಗೆದು ಇಲ್ಲಿ ಅಡ್ಡಕ್ಕೊಂದು ತೊಲೆ, ಕ್ರಾಸ್ ಮೆಂಬರ್, ವೆಲ್ಡ್ ಮಾಡ್ಬೇಕು. ಎರಡೂ ಕಡೆ ಮೇಲೊಂದು ಕೆಳಗೊಂದು ಆರ್ಮ್, ಕಾಯಿಲ್ ಸ್ಪ್ರಿಂಗ್. ಸ್ಟೇರಿಂಗ್ ಲಿಂಕೂ ಬದಲಾಗ್ಬೇಕು. ಅಳತೆ ಸ್ವಲ್ಪ ಆಚೀಚೆ ಆದ್ರೆ ಟೈರ್ ಒಂದೇ ಕಡೆ ಸವೆಯುತ್ತೆ ಸಾರ್." ಆರ್‌ಟಿಒ ಒಪ್ಪಿಗೆ ಇಲ್ಲದೆ ಮಾಡಿದರೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಟೈಮಲ್ಲಿ ತಲೆನೋವು ಅಂತಲೂ ಹೇಳಿದರು.

ಆಮೇಲೆ ರಾಡ್ ಹಾಕಿ ಕಮಾನ್ ಪಟ್ಟಿ ಮೀಟಿದರು. ಪಟ್ಟಿಯ ತುದಿಯಲ್ಲಿ ಕೂರುವ ಬುಷ್ ಒಳಗಿನ ರಬ್ಬರ್ ಹುರಿಗಡಲೆ ಪುಡಿ ಥರ ಅಂಗೈಗೆ ಉದುರಿತು. ಹಳೇದನ್ನೇ ರಿಪೇರಿ ಮಾಡಿಸೋಣ ಅಂತ ಅಲ್ಲೇ ಹೊಸದರ ಆಸೆ ಬಿಟ್ಟೆ. ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಗ್ರೀಸ್ ಹಚ್ಚಿ, ಹೊಸ ಬುಷ್, ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕಿಂಗ್ ಪಿನ್ನಿನ ಬೇರಿಂಗ್, ಶಾಕ್ ಅಬ್ಸಾರ್ಬರ್ ಹಾಕಿದರು. ಬಿಲ್ 14,600 ರೂಪಾಯಿ.

3 ದಿನ ಅಂದವರು 9 ದಿನ ಮಾಡಿದರು, ಅದು ಬೇಜಾರು. ಫೋನಂತೂ ಎತ್ತುವುದೇ ಇಲ್ಲ. ಸೀಟಿನ ಮೇಲೆ ಗ್ರೀಸ್ ಕೈಯ ಐದು ಬೆರಳೂ ಮೂಡಿದೆ, ಅಪ್ಪ ಇನ್ನೂ ಗೊಣಗುತ್ತಿದ್ದಾರೆ.

ಮಂಡ್ಯದವರೆಗೆ ಓಡಿಸಿದೆ. ಕಾರಿನಷ್ಟು ಮೆತ್ತಗಿಲ್ಲ, ಆದರೆ ಸ್ಟೇರಿಂಗ್ ನಡುಗುವುದು ನಿಂತಿದೆ. ಹೋಗುವುದಾದರೆ ಬೆಳಿಗ್ಗೆ 10ರೊಳಗೆ ಹೋಗಿ, ಮಧ್ಯಾಹ್ನ ಮೇಸ್ತ್ರಿ ಸಿಗಲ್ಲ.