ಡೆವ್‌ನಿಂದ ಪ್ರೊಡ್‌ಗೆ ಗ್ರೂಪ್ ಸಾಗಿಸುವುದು: ಸರ್ವಿಸ್‌ನೌನಲ್ಲಿ ನಾಲ್ಕು ದಾರಿ ನಡೆದು ನೋಡಿದ್ದು

ಸರ್ವಿಸ್‌ನೌ ಎಂದರೆ ಕಂಪನಿಗಳ ಒಳಗಿನ ಬೇಡಿಕೆ, ಟಿಕೆಟ್, ಅಪ್ರೂವಲ್‌ಗಳನ್ನು ನಡೆಸುವ ಸಾಫ್ಟ್‌ವೇರ್. ಅದರ ಒಂದೊಂದು ಪ್ರತಿಗೂ ಇನ್‌ಸ್ಟನ್ಸ್ ಎನ್ನುತ್ತಾರೆ: ಹೊಸದನ್ನು ಕಟ್ಟುವುದು ಡೆವ್, ಜನ ನಿಜಕ್ಕೂ ಬಳಸುವುದು ಪ್ರೊಡ್. ಇದರಲ್ಲಿ ಫ್ಲೋ (ಕೆಲಸದ ಹಂತಗಳ ಸರಣಿ), ಫಾರ್ಮ್, ಬಿಸಿನೆಸ್ ರೂಲ್ (ದಾಖಲೆ ಬದಲಾದಾಗ ತಾನಾಗಿ ಓಡುವ ಸ್ಕ್ರಿಪ್ಟ್), ಎಸಿಎಲ್ (ಯಾರು ಏನು ನೋಡಬಹುದು, ತಿದ್ದಬಹುದು ಎಂಬ ನಿಯಮ) ಏನೇ ಬದಲಾಯಿಸಿದರೂ ಅದು ತಾನಾಗಿಯೇ ಅಪ್‌ಡೇಟ್ ಸೆಟ್‌ಗೆ, ಅಂದರೆ ಬದಲಾವಣೆಗಳನ್ನು ಕಟ್ಟಿ ಇನ್ನೊಂದು ಇನ್‌ಸ್ಟನ್ಸ್‌ಗೆ ಸಾಗಿಸುವ ಗಂಟಿಗೆ, ಬಂದು ಕೂರುತ್ತದೆ. ರೋಲ್, ಅಂದರೆ ಯೂಸರ್‌ಗೆ ಕೊಡುವ ಅಧಿಕಾರ, ಅದು ಕೂಡ ಬರುತ್ತದೆ. ಒಂದು ರೋಲ್ ಒಳಗೆ ಇನ್ನೊಂದು ರೋಲ್ ಇಟ್ಟರೆ ಅದೂ ಬರುತ್ತದೆ. ಆದರೆ ಗ್ರೂಪ್ ಬರುವುದಿಲ್ಲ. ಗ್ರೂಪ್‌ಗೆ ಕೊಟ್ಟ ರೋಲ್ ಬರುವುದಿಲ್ಲ, ಗ್ರೂಪ್‌ನ ಸದಸ್ಯರೂ ಬರುವುದಿಲ್ಲ. ಕಾರಣ ಸರಳ. ರೋಲ್ ಎಂದರೆ ಕಾನ್ಫಿಗರೇಷನ್, ಗ್ರೂಪ್ ಎಂದರೆ ಡೇಟಾ ಅಂತ ಇಲ್ಲಿ ಲೆಕ್ಕ.

ಈ ಲೆಕ್ಕ ತಪ್ಪೇನಲ್ಲ. ಪ್ರೊಡ್‌ನಲ್ಲಿ ದಿನಾ ಯಾರೋ ಒಬ್ಬರು ಗ್ರೂಪ್‌ಗೆ ಸೇರುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಡೆವ್‌ನ ಹಳೇ ಪಟ್ಟಿ ಹೋಗಿ ಅದರ ಮೇಲೆ ಕೂತರೆ ಗತಿ ಏನು? ಆದರೆ ತೊಂದರೆ ಬೇರೆ ಕಡೆ ಇದೆ. ನಾವು ಬರೆಯುವ ಫ್ಲೋ ಗ್ರೂಪ್‌ನ ಹೆಸರನ್ನು ನೆನಪಿಟ್ಟುಕೊಳ್ಳುವುದಿಲ್ಲ. ಅದರ ಸಿಸ್ ಐಡಿಯನ್ನು, ಅಂದರೆ 32 ಅಕ್ಷರದ ಆ ಉದ್ದನೆಯ ಗುರುತನ್ನು ಹಿಡಿದುಕೊಂಡಿರುತ್ತದೆ. ಡೆವ್‌ನಲ್ಲಿ 'ಫೈನಾನ್ಸ್ ಅಪ್ರೂವರ್ಸ್' ಅಂತ ಒಂದು ಗ್ರೂಪ್ ಮಾಡಿದಿರಿ. ಪ್ರೊಡ್‌ನಲ್ಲಿ ಅದೇ ಹೆಸರಿನ ಗ್ರೂಪನ್ನು ಇನ್ನೊಬ್ಬರು ಕೈಯಲ್ಲಿ ಟೈಪ್ ಮಾಡಿ ಮಾಡಿದರು. ನೋಡುವವರ ಕಣ್ಣಿಗೆ ಎರಡೂ ಒಂದೇ. ಫ್ಲೋಗೆ ಮಾತ್ರ ಎರಡಕ್ಕೂ ಸಂಬಂಧವೇ ಇಲ್ಲ. ಅಪ್ರೂವಲ್ ಕೇಳುವ ಹಂತಕ್ಕೆ ಬಂದಾಗ ಕೇಳಲು ಯಾರೂ ಸಿಗುವುದಿಲ್ಲ. ಮುಂದಿನ ಶರತ್ತನ್ನು ನೀವು ಹೇಗೆ ಬರೆದಿದ್ದೀರಿ ಎನ್ನುವುದರ ಮೇಲೆ, ಕೆಲಸ ಅಲ್ಲೇ ನಿಲ್ಲಬಹುದು. ಇಲ್ಲವೇ ಯಾರೂ ಒಪ್ಪದೆಯೇ ಮುಂದೆ ಹೋಗಿಬಿಡಬಹುದು. ಎರಡನೆಯದು ಜಾಸ್ತಿ ಅಪಾಯ.

ಹಾಗಾಗಿ ಒಂದೇ ಸರಕನ್ನು ಬೇರೆ ಬೇರೆ ದಾರಿಯಲ್ಲಿ ಸಾಗಿಸಿ ನೋಡಿದೆ. ಸರಕು ಇಷ್ಟು: ಲ್ಯಾಪ್‌ಟಾಪ್ ಬೇಡಿಕೆಗೆ ಒಂದು ಫ್ಲೋ, ಅದರಲ್ಲಿ ಅಪ್ರೂವಲ್ ಕೊಡುವ ಒಂದು ಗ್ರೂಪ್, ಅದಕ್ಕೊಂದು ಮೇಲಿನ ಗ್ರೂಪ್, ಗ್ರೂಪ್‌ಗೊಂದು ಹೊಸ ರೋಲ್, ಒಬ್ಬ ಮ್ಯಾನೇಜರ್, ಕೆಲವು ಸದಸ್ಯರು.

ಮೊದಲು ಎಕ್ಸ್‌ಎಂಎಲ್, ಅಂದರೆ ದಾಖಲೆಗಳನ್ನು ಇದ್ದ ಹಾಗೇ ಬರೆದಿಡುವ ಫೈಲ್. ಎಲ್ಲರೂ ಮೊದಲು ಹಿಡಿಯುವ ದಾರಿ ಇದೇ. ಗ್ರೂಪ್ ಪಟ್ಟಿ ತೆರೆದು, ಕಾಲಂ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟರೆ ಫೈಲ್ ಸಿಗುತ್ತದೆ. ಆ ಕಡೆ ಯಾವುದಾದರೂ ಪಟ್ಟಿಯ ತಲೆ ಮೇಲೆ ಹಾಗೇ ಒತ್ತಿ ಇಂಪೋರ್ಟ್ ಕೊಟ್ಟರೆ ಮುಗಿಯಿತು. ಇದರ ದೊಡ್ಡ ಗುಣ ಎಂದರೆ ಸಿಸ್ ಐಡಿ ಹಾಗೇ ಉಳಿಯುತ್ತದೆ. ಫ್ಲೋ ಆ ಕಡೆ ಹೋದಾಗ ತನ್ನ ಗ್ರೂಪನ್ನು ಸಲೀಸಾಗಿ ಗುರುತಿಸುತ್ತದೆ. ಐದು ನಿಮಿಷದ ಕೆಲಸ.

ಆದರೆ ಈ ದಾರಿ ಯಾರನ್ನೂ ಏನನ್ನೂ ಕೇಳುವುದಿಲ್ಲ. ಫೈಲ್ ತೆರೆದು ನೋಡಿದರೆ ಮ್ಯಾನೇಜರ್ ಸಾಲಿನಲ್ಲಿ ಎರಡು ವಿಷಯ ಇರುತ್ತವೆ. ಕಣ್ಣಿಗೆ ಕಾಣುವ ಹೆಸರು ಒಂದು, ಆ ವ್ಯಕ್ತಿಯ ಸಿಸ್ ಐಡಿ ಇನ್ನೊಂದು. ಒಳಗೆ ಹೋಗಿ ಕೂರುವುದು ಐಡಿ ಮಾತ್ರ. ಡೆವ್‌ನಲ್ಲಿರುವ ಯೂಸರ್‌ಗೂ ಪ್ರೊಡ್‌ನಲ್ಲಿರುವ ಅದೇ ಯೂಸರ್‌ಗೂ ಐಡಿ ಬೇರೆ ಇದ್ದರೆ, ಪ್ರೊಡ್‌ನಲ್ಲಿ ಮ್ಯಾನೇಜರ್ ಜಾಗ ಖಾಲಿ ಕಾಣುತ್ತದೆ. ತಮಾಷೆ ಏನೆಂದರೆ 'ಮ್ಯಾನೇಜರ್ ಖಾಲಿ ಇರುವ ಗ್ರೂಪ್‌ಗಳು' ಎಂದು ಫಿಲ್ಟರ್ ಹಾಕಿದರೆ ಈ ಗ್ರೂಪ್ ಸಿಗುವುದಿಲ್ಲ. ಒಳಗೆ ಐಡಿ ಇದೆಯಲ್ಲ, ಅದಕ್ಕೆ. ಆ ಐಡಿಯ ಮನುಷ್ಯ ಇಲ್ಲ ಅಷ್ಟೇ. ಎಚ್ಚರಿಕೆಯ ಒಂದು ಸಾಲೂ ಬರುವುದಿಲ್ಲ.

ಅದಕ್ಕಿಂತ ದೊಡ್ಡ ತಲೆನೋವು ರೋಲ್‌ನದು. ಮಾಮೂಲಿಯಾಗಿ ಗ್ರೂಪ್‌ಗೆ ರೋಲ್ ಕೊಟ್ಟ ಕೂಡಲೇ ಒಳಗಿನ ಬಿಸಿನೆಸ್ ರೂಲ್‌ಗಳು ಓಡಿ, ಒಬ್ಬೊಬ್ಬ ಸದಸ್ಯನ ಹೆಸರಿಗೂ ಆ ರೋಲನ್ನು ಬರೆಯುತ್ತವೆ. ಇದು ಗ್ರೂಪ್‌ನಿಂದ ಬಂದದ್ದು ಎಂದು ಗುರುತನ್ನೂ ಹಾಕುತ್ತವೆ. ಎಕ್ಸ್‌ಎಂಎಲ್ ಇಂಪೋರ್ಟ್‌ನಲ್ಲಿ ಈ ರೂಲ್‌ಗಳು ಓಡುವುದಿಲ್ಲ. ಗ್ರೂಪ್ ತೆರೆದರೆ ಸದಸ್ಯರು ಕಾಣುತ್ತಾರೆ, ರೋಲ್ ಕಾಣುತ್ತದೆ, ಎಲ್ಲ ಸರಿ ಇದ್ದ ಹಾಗೇ ಇರುತ್ತದೆ. ಸದಸ್ಯನ ಕೈಗೆ ಮಾತ್ರ ರೋಲ್ ಸಿಕ್ಕಿರುವುದಿಲ್ಲ. ಶುಕ್ರವಾರ ಸಂಜೆ ಡಿಪ್ಲಾಯ್ ಮಾಡಿದ ಮೇಲೆ ಬರುವ ಫೋನ್ ಇದೇ: "ಗುರೂ, ಗ್ರೂಪ್ ಇದೆ, ಅದ್ರಲ್ಲಿ ನಾನೂ ಇದೀನಿ, ರೋಲೂ ಇದೆ. ಆದ್ರೆ ಮೆನು ಬರ್ತಾನೇ ಇಲ್ವಲ್ಲ ಮಾರಾಯ!" ಆಗ ಸುಲಭದ ಮದ್ದು ಇದು. ಪ್ರೊಡ್‌ನಲ್ಲಿ ಆ ರೋಲನ್ನು ಗ್ರೂಪ್‌ನಿಂದ ತೆಗೆದು ಕೈಯಾರೆ ಮತ್ತೆ ಸೇರಿಸುವುದು. ಆಗ ರೂಲ್ ಓಡುತ್ತದೆ, ರೋಲ್ ಇಳಿಯುತ್ತದೆ. ಕೆಲವರು ಯೂಸರ್‌ಗಳ ರೋಲ್ ಇರುವ ಟೇಬಲನ್ನೇ ಎಕ್ಸ್‌ಎಂಎಲ್ ಮಾಡಿ ತಂದು ಸುರಿಯುತ್ತಾರೆ. ದಯವಿಟ್ಟು ಬೇಡ. ನಾಳೆ ಆ ಮನುಷ್ಯನನ್ನು ಗ್ರೂಪ್‌ನಿಂದ ತೆಗೆದರೂ ರೋಲ್ ಅವನ ಹತ್ತಿರವೇ ಉಳಿದರೆ ಆಡಿಟ್‌ನವರಿಗೆ ಉತ್ತರ ಹೇಳುವವರು ಯಾರು?

ಎರಡನೆಯದು ಎಕ್ಸೆಲ್. ಇಂಪೋರ್ಟ್ ಸೆಟ್ (ಶೀಟ್‌ನ ಡೇಟಾ ಮೊದಲು ಬಂದು ಕೂರುವ ಟೇಬಲ್) ಮಾಡಿ, ಟ್ರಾನ್ಸ್‌ಫಾರ್ಮ್ ಮ್ಯಾಪ್ (ಯಾವ ಕಾಲಂ ಯಾವ ಫೀಲ್ಡ್‌ಗೆ ಎಂಬ ನಕ್ಷೆ) ಬರೆದು, ಶೀಟ್ ಏರಿಸುವುದು. ಇಲ್ಲಿ ಬಿಸಿನೆಸ್ ರೂಲ್ ಓಡಿಸು ಎಂಬ ಟಿಕ್ ಇದೆ, ಹಾಗಾಗಿ ರೋಲ್ ಸರಿಯಾಗಿ ಇಳಿಯುತ್ತದೆ. ಮ್ಯಾನೇಜರನ್ನು ಇಮೇಲ್ ನೋಡಿ ಹೊಂದಿಸಬಹುದು, ಐಡಿಯ ಗೋಳಿಲ್ಲ. ಆದರೆ ಹೊಸ ಗ್ರೂಪ್‌ಗೆ ಹೊಸ ಸಿಸ್ ಐಡಿ ಹುಟ್ಟುತ್ತದೆ. ಫ್ಲೋಗೆ ಮತ್ತೆ ಅದೇ ಕಥೆ. ಸ್ಕ್ರಿಪ್ಟ್ ಬರೆದು ಹಳೇ ಐಡಿಯನ್ನೇ ಕೂರಿಸಲು ಆಗುತ್ತದೆ, ಆದರೆ ಅಷ್ಟು ಕಷ್ಟಪಡುವುದಾದರೆ ಎಕ್ಸೆಲ್ ಯಾಕೆ ಬೇಕು? ಇರುವ ಗ್ರೂಪ್‌ಗಳಿಗೆ ಒಂದೇ ಸಲ ನೂರಾರು ಸದಸ್ಯರನ್ನು ಸೇರಿಸಲು ಇದು ಚೆನ್ನ. ಗ್ರೂಪ್ ಸಾಗಿಸಲು ಅಲ್ಲ.

ಮೂರನೆಯ ದಾರಿ ನನಗೆ ಇಷ್ಟವಾದದ್ದು: ಅಪ್‌ಡೇಟ್ ಸೆಟ್‌ಗೆ ಗ್ರೂಪನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸುವುದು. ಬ್ಯಾಕ್‌ಗ್ರೌಂಡ್ ಸ್ಕ್ರಿಪ್ಟ್‌ನಲ್ಲಿ 'ಗ್ಲೈಡ್ ಅಪ್‌ಡೇಟ್ ಮ್ಯಾನೇಜರ್ 2' ಎಂಬ ಒಳಗಿನ ಕೋಡನ್ನು ಕರೆದು, ಅದರ 'ಸೇವ್ ರೆಕಾರ್ಡ್'ಗೆ ನಮ್ಮ ಗ್ರೂಪನ್ನು ಕೊಟ್ಟರೆ ಸಾಕು. ಆಗ ಯಾವ ಸೆಟ್ ತೆರೆದಿದೆಯೋ ಅದರೊಳಗೆ ಹೋಗುತ್ತದೆ. ಇದನ್ನೇ ಒಂದು ಬಟನ್ ಮಾಡಿಟ್ಟ ಸಣ್ಣ ಸಾಧನಗಳೂ ಡೆವಲಪರ್‌ಗಳ ನಡುವೆ ಓಡಾಡುತ್ತಿವೆ. ಗ್ರೂಪ್, ಮೇಲಿನ ಗ್ರೂಪ್, ಗ್ರೂಪ್ ಮತ್ತು ರೋಲ್ ನಡುವಿನ ಕೊಂಡಿ, ಈ ಮೂರನ್ನು ಹಾಕಿದೆ. ಸದಸ್ಯರನ್ನು ಬೇಕೆಂದೇ ಬಿಟ್ಟೆ.

ಇದರ ಲಾಭ ಗೊತ್ತಾಗುವುದು ಆ ಕಡೆ ಪ್ರಿವ್ಯೂ (ಸೇರಿಸುವ ಮೊದಲಿನ ಪರೀಕ್ಷೆ) ಒತ್ತಿದಾಗ. ಎಕ್ಸ್‌ಎಂಎಲ್ ಬಾಯಿ ಮುಚ್ಚಿಕೊಂಡಿದ್ದ ಕಡೆ ಇದು ಕೆಂಪು ಸಾಲು ತೋರಿಸುತ್ತದೆ: ಮ್ಯಾನೇಜರ್ ಕಾಲಂನಲ್ಲಿ ಹೇಳಿರುವ ಯೂಸರ್ ಇಲ್ಲಿ ಇಲ್ಲ ಎಂದು. ಅದೇ ರೀತಿ ಮೇಲಿನ ಗ್ರೂಪನ್ನು ಸೇರಿಸಲು ಮರೆತಿದ್ದರೆ ಅದನ್ನೂ ಹೇಳುತ್ತದೆ. ಒಪ್ಪಿಕೊಳ್ಳಬೇಕೋ ಬಿಡಬೇಕೋ ನೀವೇ ನಿರ್ಧರಿಸಬೇಕು. ಈ ಕೆಂಪು ಸಾಲುಗಳನ್ನು ಓದದೆ ಸುಮ್ನೆ ಎಲ್ಲದಕ್ಕೂ 'ಒಪ್ಪಿದೆ' ಒತ್ತುವವರನ್ನು ನಾನು ಕಂಡಿದ್ದೇನೆ. ಹಾಗೆ ಮಾಡುವುದಾದರೆ ಎಕ್ಸ್‌ಎಂಎಲ್‌ಗೂ ಇದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಜೊತೆಗೆ ಏನು ಹೋಯಿತು, ಯಾವಾಗ ಹೋಯಿತು, ಯಾರು ಕಮಿಟ್ ಮಾಡಿದರು (ಅಂತಿಮವಾಗಿ ಸೇರಿಸಿದರು) ಎಂಬ ಲೆಕ್ಕ ಸೆಟ್‌ನಲ್ಲೇ ಉಳಿಯುತ್ತದೆ. ಚೇಂಜ್ ಟಿಕೆಟ್‌ಗೆ (ಬದಲಾವಣೆಗೆ ಒಪ್ಪಿಗೆ ಕೇಳುವ ದಾಖಲೆಗೆ) ಅದೇ ಸಾಕ್ಷಿ.

ಕೊರತೆಗಳೂ ಇವೆ. ಸೆಟ್‌ಗೆ ಹಾಕಿದ್ದು ಆ ಕ್ಷಣದ ಫೋಟೋ ಇದ್ದ ಹಾಗೆ. ಆಮೇಲೆ ಗ್ರೂಪ್‌ನಲ್ಲಿ ಏನೇ ಬದಲಿಸಿದರೂ ಮತ್ತೆ ಹಾಕಬೇಕು. ಇಲ್ಲೂ ಬಿಸಿನೆಸ್ ರೂಲ್ ಓಡುವುದಿಲ್ಲ. ಪ್ರೊಡ್‌ನಲ್ಲಿ ಆಗಲೇ ಸದಸ್ಯರಿರುವ ಗ್ರೂಪ್‌ಗೆ ಹೊಸ ರೋಲ್ ಕೊಂಡಿ ಕಳಿಸಿದರೆ ಹಳೇ ಸದಸ್ಯರಿಗೆ ಅದು ಸಿಗಲಿಲ್ಲ. ಗ್ರೂಪ್ ಹೊಸದಾಗಿದ್ದರೆ ಈ ತೊಂದರೆಯೇ ಇಲ್ಲ. ಏಕೆಂದರೆ ಕೊಂಡಿ ಮೊದಲು ಬಂದು ಕೂತಿರುತ್ತದೆ, ಸದಸ್ಯರು ಆಮೇಲೆ ಮಾಮೂಲಿ ದಾರಿಯಲ್ಲಿ ಸೇರುತ್ತಾರೆ, ಸೇರುವಾಗ ರೂಲ್ ಓಡುತ್ತದೆ. ಹಾಗಾಗಿ ಸರದಿ ಮುಖ್ಯ: ರೋಲ್, ಗ್ರೂಪ್, ಕೊಂಡಿ, ಕೊನೆಗೆ ಸದಸ್ಯರು. ಸದಸ್ಯರನ್ನು ಬೇಕೆಂದೇ ಬಿಟ್ಟೆ ಎಂದದ್ದು ಇದಕ್ಕೇ.

ಇಷ್ಟೆಲ್ಲ ಯಾಕೆ, ಗ್ರೂಪ್ ಟೇಬಲ್‌ನ ಡಿಕ್ಷನರಿಗೆ (ಟೇಬಲ್‌ನ ರಚನೆ ಬರೆದಿರುವ ಜಾಗಕ್ಕೆ) ಹೋಗಿ 'ಅಪ್‌ಡೇಟ್ ಸಿಂಕ್' ಗುಣವನ್ನು ಹಾಕಿಬಿಟ್ಟರೆ ಗ್ರೂಪ್‌ಗಳೂ ತಾವಾಗಿಯೇ ಸೆಟ್‌ಗೆ ಬರುತ್ತವಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬರುತ್ತವೆ, ನಿಜ. ಡೇಟಾ ಟೇಬಲ್‌ಗೆ ಅದನ್ನು ಹಾಕಬೇಡಿ ಎಂದು ಸರ್ವಿಸ್‌ನೌ ಕಂಪನಿಯೇ ಹೇಳುತ್ತದೆ. ಹೇಳದಿದ್ದರೂ ಹಾಕಬಾರದು. ರಾತ್ರಿ ಡೈರೆಕ್ಟರಿಯಿಂದ (ಕಂಪನಿಯ ನೌಕರರ, ಗ್ರೂಪ್‌ಗಳ ಮೂಲ ಪಟ್ಟಿಯಿಂದ) ಗ್ರೂಪ್‌ಗಳು ಸಿಂಕ್ ಆಗುವಾಗ ಒಂದೊಂದು ಬದಲಾವಣೆಯೂ ಯಾವುದೋ ಸೆಟ್‌ಗೆ ಹೋಗಿ ಬಿದ್ದರೆ ಬೆಳಿಗ್ಗೆ ಅದನ್ನು ಬಿಡಿಸುತ್ತಾ ಕೂರಬೇಕು.

ನಿಮ್ಮದು ಸ್ಕೋಪ್ ಇರುವ (ತನ್ನದೇ ಗಡಿಯೊಳಗೆ ಕಟ್ಟಿದ) ಆ್ಯಪ್ ಆಗಿದ್ದರೆ, ಮತ್ತು ಅದನ್ನು ಆ್ಯಪ್ ರೆಪಾಸಿಟರಿ (ನಿಮ್ಮ ಕಂಪನಿಯ ಆ್ಯಪ್‌ಗಳ ಸಂಗ್ರಹ) ಮೂಲಕ ಕಳಿಸುತ್ತಿದ್ದರೆ, ಇದೇ ದಾರಿಗೆ ಇನ್ನೂ ಒಳ್ಳೆಯ ರೂಪ ಇದೆ. ಗ್ರೂಪನ್ನು ಆರಿಸಿ 'ಕ್ರಿಯೇಟ್ ಅಪ್ಲಿಕೇಷನ್ ಫೈಲ್' ಕೊಟ್ಟರೆ ಅದು ಆ್ಯಪ್‌ನ ಜೊತೆಗೇ ಪ್ಯಾಕ್ ಆಗುತ್ತದೆ, ಸಿಸ್ ಐಡಿ ಸಮೇತ. ಯಾವಾಗ ಇಳಿಯಬೇಕು ಎಂದೂ ಹೇಳಬಹುದು. ಮೊದಲ ಸಲ ಇನ್‌ಸ್ಟಾಲ್ ಆದಾಗ ಮಾತ್ರವೇ, ಅಥವಾ ಪ್ರತಿ ಅಪ್‌ಗ್ರೇಡ್‌ನಲ್ಲೂ. ನಾನು ಮೊದಲನೆಯದನ್ನೇ ಆರಿಸುತ್ತೇನೆ. ಪ್ರೊಡ್‌ನಲ್ಲಿ ಮ್ಯಾನೇಜರ್ ಬದಲಾಗಿರುತ್ತಾರೆ, ಇಮೇಲ್ ಬದಲಾಗಿರುತ್ತದೆ. ಮುಂದಿನ ಸಲ ಆ್ಯಪ್ ಹೋದಾಗ ಡೆವ್‌ನ ಹಳೇ ಮ್ಯಾನೇಜರ್ ಮತ್ತೆ ಬಂದು ಕೂರುವುದು ಬೇಡ.

ನಾಲ್ಕನೆಯದು ಡೈರೆಕ್ಟರಿ. ಎಲ್‌ಡ್ಯಾಪ್ (ಡೈರೆಕ್ಟರಿಯನ್ನು ಓದುವ ಪದ್ಧತಿ) ಇರಲಿ, ಮೈಕ್ರೋಸಾಫ್ಟ್ ಎಂಟ್ರಾ ಎಂಬ ಡೈರೆಕ್ಟರಿಯಿಂದ ಬರುವ ಪ್ರಾವಿಷನಿಂಗ್ (ಖಾತೆಗಳನ್ನು ತಾನಾಗಿ ತುಂಬುವುದು) ಇರಲಿ, ಗ್ರೂಪೂ ಸದಸ್ಯರೂ ಅಲ್ಲಿಂದಲೇ ಡೆವ್, ಟೆಸ್ಟ್, ಪ್ರೊಡ್ ಮೂರೂ ಇನ್‌ಸ್ಟನ್ಸ್‌ಗೆ ಇಳಿಯುತ್ತಾರೆ. ಸದಸ್ಯರ ಮಟ್ಟಿಗೆ ಇದಕ್ಕೆ ಸಾಟಿಯಿಲ್ಲ. ಸಿಂಕನ್ನು ಅದಕ್ಕೆ ತಕ್ಕಂತೆ ಹೊಂದಿಸಿದ್ದರೆ, ಯಾರೋ ಕೆಲಸ ಬಿಟ್ಟಾಗ ಡೈರೆಕ್ಟರಿಯಲ್ಲಿ ತೆಗೆದರೆ ಸಾಕು, ಇಲ್ಲೂ ಹೋಗುತ್ತಾರೆ. ಸೆಕ್ಯುರಿಟಿ ಟೀಮ್‌ನವರು ಇದನ್ನೇ ಕೇಳುವುದು, ಕೇಳಬೇಕಾದ್ದೂ ಇದನ್ನೇ.

ಆದರೆ ಸರ್ವಿಸ್‌ನೌ ರೋಲ್‌ಗಳ ಬಗ್ಗೆ ಡೈರೆಕ್ಟರಿಗೆ ಏನೂ ಗೊತ್ತಿಲ್ಲ. ಗ್ರೂಪ್ ಬರುತ್ತದೆ, ರೋಲ್ ಇಲ್ಲದೆ ಬೋಳಾಗಿ ಬರುತ್ತದೆ. ಇನ್ನೊಂದು ವಿಷಯ ಬಹಳ ಜನರಿಗೆ ತಡವಾಗಿ ಹೊಳೆಯುತ್ತದೆ. ಮೂರೂ ಕಡೆ ಒಂದೇ ಮೂಲದಿಂದ ಬಂದರೂ, ಒಂದೊಂದು ಇನ್‌ಸ್ಟನ್ಸ್ ತನ್ನದೇ ಸಿಸ್ ಐಡಿ ಹುಟ್ಟಿಸುತ್ತದೆ. ಹೆಸರು ಒಂದೇ, ಸದಸ್ಯರು ಅವರೇ, ಫ್ಲೋ ಮಾತ್ರ ಮುರಿಯುತ್ತದೆ. ಮೂಲ ಒಂದೇ ತಾನೇ ಎಂದು ಧೈರ್ಯವಾಗಿದ್ದವರಿಗೆ ಇದು ಪತ್ತೆ ಹಚ್ಚಲು ತುಂಬಾ ಕಷ್ಟ.

ಹೀಗಾಗಿ ನನ್ನ ಆಯ್ಕೆ ಒಂದು ದಾರಿಯಲ್ಲ, ಎರಡರ ಜೋಡಿ. ಮೂರನೆಯ ದಾರಿಯಲ್ಲಿ ಗ್ರೂಪ್‌ನ ಅಸ್ಥಿಪಂಜರ ಮತ್ತು ರೋಲ್ ಕೊಂಡಿ ಮೊದಲು ಹೋಗಲಿ. ನಾಲ್ಕನೆಯ ದಾರಿಯಲ್ಲಿ ಸದಸ್ಯರು ಆಮೇಲೆ ಬರಲಿ. ಡೈರೆಕ್ಟರಿ ಸಿಂಕ್ ಯಾವ ಫೀಲ್ಡ್ ನೋಡಿ ಗ್ರೂಪನ್ನು ಹೊಂದಿಸುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಹೆಸರು ನೋಡುವುದಾದರೆ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಸೋರ್ಸ್ ಫೀಲ್ಡ್ ನೋಡುವುದಾದರೆ ಅದನ್ನೂ ತುಂಬಿ ಕಳಿಸಬೇಕು. ಹೊಂದಿಸಿದರೆ ಸಿಂಕ್ ಹೊಸ ಗ್ರೂಪ್ ಮಾಡದೆ ಇರುವುದನ್ನೇ ತುಂಬುತ್ತದೆ. ಇಲ್ಲದಿದ್ದರೆ ಒಂದೇ ಹೆಸರಿನ ಎರಡು ಗ್ರೂಪ್: ಒಂದಕ್ಕೆ ರೋಲ್ ಇದೆ ಜನ ಇಲ್ಲ, ಇನ್ನೊಂದಕ್ಕೆ ಜನ ಇದ್ದಾರೆ ರೋಲ್ ಇಲ್ಲ.

ಕ್ಲೋನ್ (ಒಂದು ಇನ್‌ಸ್ಟನ್ಸನ್ನು ಇನ್ನೊಂದರ ಮೇಲೆ ನಕಲಿಸುವುದು) ಪಕ್ಷದವರೂ ಇದ್ದಾರೆ. ಗ್ರೂಪನ್ನು ಮೊದಲು ಪ್ರೊಡ್‌ನಲ್ಲೇ ಮಾಡಿ, ಆಮೇಲೆ ಪ್ರೊಡ್‌ನಿಂದ ಡೆವ್‌ಗೆ ಕ್ಲೋನ್ ಇಳಿಸಿದರೆ ಐಡಿ ಎಲ್ಲ ಕಡೆ ಒಂದೇ ಆಗುತ್ತದೆ, ಸಾಗಿಸುವ ಮಾತೇ ಇಲ್ಲ ಎನ್ನುತ್ತಾರೆ. ವಾದ ಸರಿ ಇದೆ. ಸಣ್ಣ ತಂಡಕ್ಕೆ ಒಪ್ಪುತ್ತದೆ ಕೂಡ. ಆದರೆ ಕ್ಲೋನ್ ಎಂದರೆ ಡೆವ್ ಪೂರ್ತಿ ಅಳಿಸಿ ಬರೆದ ಹಾಗೆ. ಅರ್ಧಕ್ಕೆ ನಿಂತ ಅಪ್‌ಡೇಟ್ ಸೆಟ್‌ಗಳನ್ನು ಮೊದಲೇ ತೆಗೆದಿಡದಿದ್ದರೆ ಹೋಯಿತು. ದೊಡ್ಡ ಕಡೆಗಳಲ್ಲಿ ಪ್ರೊಡ್‌ನ ಕೀಲಿ ಬೇರೆ ತಂಡದ ಹತ್ತಿರ ಇರುತ್ತದೆ. ಫ್ಲೋ ಇನ್ನೂ ಹುಟ್ಟದೆಯೇ ಅದಕ್ಕೊಂದು ಗ್ರೂಪ್ ಮಾಡಿಕೊಡಿ ಎಂದರೆ ಯಾಕೆ, ಯಾವ ಚೇಂಜ್‌ಗೆ ಎಂದು ಕೇಳುತ್ತಾರೆ. ನ್ಯಾಯವೇ ಅಲ್ವಾ?

ಫ್ಲೋ ಒಳಗೆ ಗ್ರೂಪನ್ನು ನೇರ ಹಿಡಿಯದೆ ಸಿಸ್ಟಂ ಪ್ರಾಪರ್ಟಿಯಲ್ಲಿ (ಇನ್‌ಸ್ಟನ್ಸ್‌ನ ಸೆಟ್ಟಿಂಗ್‌ನಲ್ಲಿ) ಐಡಿ ಇಟ್ಟು ಅಲ್ಲಿಂದ ಓದುವವರೂ ಇದ್ದಾರೆ. ಆಗ ಆ ಪ್ರಾಪರ್ಟಿಗೆ 'ಪ್ರೈವೇಟ್' ಟಿಕ್ ಹಾಕಿ. ಇಲ್ಲದಿದ್ದರೆ ಡೆವ್‌ನ ಐಡಿಯೇ ಅಪ್‌ಡೇಟ್ ಸೆಟ್ ಹತ್ತಿ ಪ್ರೊಡ್‌ಗೆ ಹೋಗುತ್ತದೆ. ಹೆಸರು ನೋಡಿ ಗ್ರೂಪ್ ಹುಡುಕುವ ಉಪಾಯಕ್ಕಿಂತ ಇದು ವಾಸಿ. ಹೆಸರನ್ನು ಪ್ರೊಡ್‌ನಲ್ಲಿ ಯಾರು ಬೇಕಾದರೂ 'ಚಂದ ಮಾಡೋಣ' ಎಂದು ತಿದ್ದಿಬಿಡಬಹುದು.

ವರ್ಷನ್ ಬಗ್ಗೆಯೂ ಒಂದು ಮಾತು. ಸರ್ವಿಸ್‌ನೌ ಜ್ಯೂರಿಕ್‌ವರೆಗೂ ತನ್ನ ವರ್ಷನ್‌ಗಳಿಗೆ ಊರಿನ ಹೆಸರಿಡುತ್ತಿತ್ತು. ಯೊಕೊಹಾಮಾ ಆದ ಮೇಲೆ ಜ್ಯೂರಿಕ್. ಡೆವ್ ಜ್ಯೂರಿಕ್‌ಗೆ ಏರಿ ಪ್ರೊಡ್ ಇನ್ನೂ ಯೊಕೊಹಾಮಾದಲ್ಲೇ ಇರುವ ವಾರಗಳಲ್ಲಿ ಅಪ್‌ಡೇಟ್ ಸೆಟ್ ಕಳಿಸುವ ಕೆಲಸವನ್ನು ಸಾಧ್ಯವಾದಷ್ಟು ಮುಂದೂಡುತ್ತೇನೆ. ಗ್ರೂಪ್ ಸಾಲು ಸರಳ, ಅದಕ್ಕೆ ಅಷ್ಟು ಭಯವಿಲ್ಲ. ಆದರೆ ಅದರ ಜೊತೆ ಹೋಗುವ ಫ್ಲೋ ಸರಳ ಅಲ್ಲ.

ಈ ನಾಲ್ಕರಲ್ಲಿ ಯಾವುದೂ ಚೆನ್ನಾಗಿ ಮಾಡದ ಕೆಲಸ ಅಳಿಸುವುದು. ಡೆವ್‌ನಲ್ಲಿ ಗ್ರೂಪ್ ಅಳಿಸಿದ್ದು ಎಕ್ಸ್‌ಎಂಎಲ್‌ನಲ್ಲಿ ಹೋಗುವುದಿಲ್ಲ, ಎಕ್ಸೆಲ್‌ನಲ್ಲೂ ಹೋಗುವುದಿಲ್ಲ. ಹೋಗುವಂತೆ ಮಾಡಲು ನಾನೂ ಪ್ರಯತ್ನಿಸುವುದಿಲ್ಲ. ಪ್ರೊಡ್‌ನಲ್ಲಿ ಹಳೇ ಟಿಕೆಟ್‌ಗಳು, ಮುಗಿದ ಅಪ್ರೂವಲ್‌ಗಳು ಆ ಗ್ರೂಪ್‌ನ ಐಡಿಯನ್ನು ಹಿಡಿದುಕೊಂಡಿರುತ್ತವೆ. ಅಳಿಸಿದರೆ ಎಲ್ಲ ಕಡೆ ಆ ಜಾಗ ಖಾಲಿ ಕಾಣುತ್ತದೆ. 'ಆ್ಯಕ್ಟಿವ್' ಟಿಕ್ ತೆಗೆದು, ರೋಲ್ ಕೊಂಡಿಯನ್ನು ಪ್ರೊಡ್‌ನಲ್ಲೇ ಕೈಯಾರೆ ಕಿತ್ತು ಬಿಡುವುದು ವಾಸಿ. ಕೈಯಾರೆ ಕಿತ್ತರೆ ರೂಲ್ ಓಡುತ್ತದೆ, ಸದಸ್ಯರ ಹೆಸರಿನಿಂದಲೂ ಆ ರೋಲ್ ಇಳಿದುಹೋಗುತ್ತದೆ.