ರೈಡರ್ ಹುಡುಗನಿಗೆ ಹೊಸ ಜಾಗ: ಕಾರ್ನರೋ, ಕವರೋ?

ಮಂಜೇಶ್ವರ, ಕುಂಬಳೆಯ ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ ರೈಡರ್ (ಎದುರಾಳಿಯ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವನು) ಆಗಿ ಕಬಡ್ಡಿ ಕಲಿತ ಹುಡುಗ, ಹದಿನಾರರ ಹೊತ್ತಿಗೆ ಮೈ ತುಂಬಿ ಓಟದ ಚುರುಕು ತಗ್ಗಿತೆಂದು ರಕ್ಷಣೆಗೆ ಬರುವುದಾದರೆ, ಅವನ ಮುಂದಿರುವ ಮುಖ್ಯ ಆಯ್ಕೆಗಳು ಎರಡು: ಕಾರ್ನರ್ ಮತ್ತು ಕವರ್.

ಏಳು ಮಂದಿಯ ಸಾಲಿನ ತುದಿಯಲ್ಲಿ ನಿಲ್ಲುವ ಕಾರ್ನರ್ ಆಟಗಾರನಿಗೆ ಆ್ಯಂಕಲ್ ಹೋಲ್ಡೇ (ರೈಡರ್‌ನ ಕಾಲಿನ ಹರಡು ಹಿಡಿಯುವ ಪಟ್ಟು) ಬಂಡವಾಳ. ಬೋನಸ್ ಅಂಕ ಸಿಗಬೇಕಾದರೆ ಎದುರಾಳಿ ಅಂಕಣದ ಬೋನಸ್ ಗೆರೆ ದಾಟಿದ ರೈಡರ್‌ನ ಹಿಂದಿನ ಕಾಲು ನೆಲ ಬಿಟ್ಟಿರಬೇಕಾದ್ದರಿಂದ, ಅವನು ಒಂಟಿಕಾಲಿನಲ್ಲಿ ನಿಂತ ಆ ಅರೆಕ್ಷಣದಲ್ಲೇ ತಗ್ಗಿ, ಎರಡೂ ಕೈಗಳಿಂದ ಕಾಲನ್ನು ಬಿಗಿದು ತನ್ನತ್ತ ಸೆಳೆಯಬೇಕು. ಕೊಂಚ ಮುಂಚೆ ಕೈ ಚಾಚಿದರೆ ಅಂಕ ಎದುರಾಳಿಯ ಪಾಲು. ಇಂಥ ಬೋನಸ್ಸಿಗೆ ತಾನೇ ಹಲವು ಬಾರಿ ಕಾಲಿಟ್ಟವನಿಗೆ ಆ ಕ್ಷಣದ ಅಂದಾಜು ಬೇಗ ಸಿಗುತ್ತದೆ.

ಸಾಲಿನ ಒಳಭಾಗದಲ್ಲಿ ನಿಲ್ಲುವ ಕವರ್ ಆಟಗಾರ ಡ್ಯಾಶ್ (ರೈಡರ್‌ನನ್ನು ಮೈಯಿಂದ ಗುದ್ದಿ ಹೊರತಳ್ಳುವುದು), ಬ್ಲಾಕ್ (ಮರಳುವ ದಾರಿಗೆ ಅಡ್ಡ ನಿಲ್ಲುವುದು) ಪಟ್ಟುಗಳನ್ನು ನೆಚ್ಚಿರುತ್ತಾನೆ. ಅಲ್ಲಿ ಭುಜದ ಬಲ ಬೇಕು, ಪಕ್ಕದವನೊಡನೆ ಹೊಂದಾಣಿಕೆಯೂ ಬೇಕು. ಒಂಟಿಯಾಗಿ ನುಗ್ಗುವ ರೈಡರ್ ಚಾಳಿ (ಅದು ಸುಲಭವಾಗಿ ಬಿಡುವುದಿಲ್ಲ) ಇಲ್ಲಿ ತೊಡಕಾಗುತ್ತದೆ.

ಅಗಲವಾದ ಭುಜವೂ ಒಳ್ಳೆಯ ತೂಕವೂ ಇಲ್ಲದಿದ್ದರೆ ಕಾರ್ನರ್ ಜಾಗವೇ ಮೇಲೆಂದು ನನಗೆ ತೋರುತ್ತದೆ. ಆದರೆ ಅಲ್ಲಿ ಪದೇ ಪದೇ ತಗ್ಗಬೇಕಾದ್ದರಿಂದ, ಮಣ್ಣಿನ ಅಂಗಣದಿಂದ ಮ್ಯಾಟಿಗೆ ಹೋಗುವವನು ಮೊದಲ ದಿನದಿಂದಲೇ ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಳ್ಳುವುದು ಒಳ್ಳೆಯದು.