ಪೆಟ್ರೋಲ್ ವೆಲ್ಡಿಂಗ್ ಜನರೇಟರ್: ಮೆಷಿನ್ ಒಳ್ಳೇದೇ, ಆದ್ರೆ ಮನೆಯ ಮಾಡಿನ ಅಡಿಗೆ ಮಾತ್ರ ತರ್ಬೇಡಿ

ಕಟಪಾಡಿ, ಕಾಪು ಈ ಕಡೆ ಟೆರೇಸಿಗೆ ಶೀಟ್ ಹಾಕುವ ಕೆಲಸ ನಮ್ಮದು, ಗೇಟು ಗ್ರಿಲ್ಲೂ ಮಾಡ್ತೇವೆ. ಹೊಸ ಸೈಟಿಗೆ ಹೋದ್ರೆ ಮೆಸ್ಕಾಂ ಕನೆಕ್ಷನ್ ಇನ್ನೂ ಬಂದಿರುದಿಲ್ಲ, ಪಕ್ಕದ ಮನೆಯವರತ್ರ ಕೇಳಿದ್ರೆ ನೀವು ವೆಲ್ಡಿಂಗ್ ಹಿಡಿದ್ರೆ ನಮ್ಮ ಲೈಟ್ ಮಿಣಮಿಣ ಆಗ್ತದೆ ಮಾರಾಯ್ರೆ ಅಂತಾರೆ, ಅದೂ ಸುಳ್ಳಲ್ಲ. ಹಾಗಾಗಿ ಪೆಟ್ರೋಲ್ ಎಂಜಿನಲ್ಲೇ ವೆಲ್ಡಿಂಗಿನ ಕರೆಂಟ್ ಮಾಡುವ 200 ಆಂಪಿನ ಈ ಮೆಷಿನ್ ತಗೊಂಡದ್ದು. ಒಂದು ಮಳೆಗಾಲ ಪೂರ್ತಿ ಓಡಿಸಿ ಆಯ್ತು.

ಆರ್ಕ್, ಅಂದ್ರೆ ರಾಡಿನ ತುದಿಯಲ್ಲಿ ಉರಿಯುವ ಕಿಡಿ, ಚೆನ್ನಾಗುಂಟು. ಡಿಸಿ ಆದ್ದರಿಂದ 12 ಗೇಜ್ ರಾಡ್ 80 ಆಂಪಲ್ಲಿ ತೆಳು ಪೈಪಿಗೂ ಅಂಟಿಕೊಳ್ಳದೆ ಹೋಗ್ತದೆ, 10 ಗೇಜಿಗೆ 110 ಇಟ್ರೆ ಸಾಕು. ರಾಡ್ ತಾಗಿಸಿದ ಕೂಡ್ಲೆ ಎಂಜಿನ್ ಒಮ್ಮೆ ಗುರ್ ಅಂತ ತಗ್ಗಿ ಮತ್ತೆ ಎತ್ತಿಕೊಳ್ತದೆ, ಆ ತಗ್ಗುವ ಶಬ್ದ ಉದ್ದ ಆದ್ರೆ ಏರ್ ಫಿಲ್ಟರ್ ನೋಡಿ. ಕೆಲವರು ಕೇಳ್ತಾರೆ, ಮನೆಯ ಸಣ್ಣ ಜನರೇಟರಿಗೆ ಪ್ಲಗ್ಗಿಗೆ ಸಿಕ್ಕಿಸುವ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಹಾಕಿದ್ರೆ ಆಗುದಿಲ್ವಾ ಅಂತ. 110 ಆಂಪಿಗೆ ಆರ್ಕಲ್ಲಿ ಸುಮಾರು 24 ವೋಲ್ಟ್ ಇರ್ತದೆ, ಅಂದ್ರೆ ರಾಡಿನ ತುದಿಯಲ್ಲೇ 2.6 ಕಿಲೋವ್ಯಾಟ್ ಆಯ್ತು, ಮೆಷಿನ್ ತಿನ್ನುದು ಬೇರೆ, 3 ಕೆವಿಎ ಜನರೇಟರ್ ಅಲ್ಲೇ ಉಸಿರು ಬಿಡ್ತದೆ.

ಸ್ಟಿಕ್ಕರಲ್ಲಿ 200 ಅಂತ ದೊಡ್ಡದಾಗಿ ಬರ್ದದ್ದು ನೋಡಿ ಮರುಳಾಗ್ಬೇಡಿ. ಕೆಳಗೆ ಸಣ್ಣ ಅಕ್ಷರದಲ್ಲಿ ಡ್ಯೂಟಿ ಸೈಕಲ್ ಉಂಟು, ನಮ್ಮದರಲ್ಲಿ 200ಕ್ಕೆ 35%, 150ಕ್ಕೆ 60%. ಅಂದ್ರೆ 200ರಲ್ಲಿ 10 ನಿಮಿಷಕ್ಕೆ ಮೂರೂವರೆ ನಿಮಿಷ ಮಾತ್ರ ಹೊಡೀಬಹುದು, ಉಳಿದ ಹೊತ್ತು ಎಂಜಿನ್ ಖಾಲಿ ಓಡ್ತಾ ಇರ್ಬೇಕು, ಆಫ್ ಮಾಡಿದ್ರೆ ಫ್ಯಾನೂ ನಿಲ್ತದೆ, ಒಳಗಿನ ಕಾಯಿಲ್ ಬೇಯ್ತದೆ. ನಮ್ಮ ಟ್ರಸ್ ಕೆಲಸಕ್ಕೆ ಅಷ್ಟು ಆಂಪ್ ಬೇಡ ಬಿಡಿ.

ಈಗ ಮುಖ್ಯ ವಿಷಯ. ನಮ್ಮ ಊರಿನ ಮಳೆ ಗೊತ್ತುಂಟಲ್ಲ, ಹನಿ ಬಿತ್ತು ಅಂದ ಕೂಡ್ಲೆ ಹುಡುಗರು ಮೆಷಿನನ್ನು ಎಳ್ಕೊಂಡು ಹೋಗಿ ಪೋರ್ಚಲ್ಲೋ ಅರ್ಧ ಎಳೆದ ಶಟರಿನ ಒಳಗೋ ಇಡ್ತಾರೆ. ಅದೇ ಅತ್ಯಂತ ಡೇಂಜರ್. ಸೈಲೆನ್ಸರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ತಲೆನೋವು, ವಾಂತಿ ಬಂದ ಹಾಗೆ ಆಗುದು ಅಷ್ಟೇ, ಬಿಸಿಲಿಗೆ ಆಯ್ತೇನೋ ಅಂತ ಕೂತವ ಏಳ್ಲಿಕ್ಕಿಲ್ಲ. ಕಿಟಕಿ ತೆರೆದಿಟ್ರೆ, ಫ್ಯಾನ್ ಹಾಕಿದ್ರೆ ಸಾಲುದಿಲ್ಲ. ಬಾವಿ ಕೆಲಸಕ್ಕೆ ಒಳಗೆ ಇಳಿಸುವ ಯೋಚನೆಯಂತೂ ಬೇಡವೇ ಬೇಡ. ನಾವು ಎಂತ ಮಾಡುದು ಅಂದ್ರೆ, ಅಂಗಳದಲ್ಲಿ ನಾಲ್ಕು ಕಂಬ ನಿಲ್ಲಿಸಿ ಮೇಲೆ ಒಂದು ಶೀಟ್, ನಾಲ್ಕೂ ಬದಿ ಖಾಲಿ, ಸೈಲೆನ್ಸರ್ ಮನೆಯ ಕಿಟಕಿ ಬಾಗಿಲಿಂದ ಆಚೆ ಮುಖ, ಮೆಷಿನ್ ಅಲ್ಲೇ ಇರ್ತದೆ, ಕೇಬಲ್ ಮಾತ್ರ ಮೇಲೆ ಹೋಗುದು. ಅದಕ್ಕೆ 35 ಸ್ಕ್ವೇರ್ ಎಮ್ಮೆಮ್ ತಾಮ್ರದ ಕೇಬಲ್ ಬೇರೆ ತಗೊಂಡೆವು, ಜೊತೆಗೆ ಕೊಟ್ಟದ್ದು ಗಿಡ್ಡ. ಟಾರ್ಪಾಲ್ ಮೈಮೇಲೆ ಹೊದಿಸುದೂ ಬೇಡ, ಸೈಲೆನ್ಸರಿಗೆ ತಾಗಿದ್ರೆ ಬೆಂಕಿ. ಜಾಗ ಸಮತಟ್ಟು ಇರ್ಬೇಕು, ಇಳಿಜಾರಲ್ಲಿ ಇಟ್ರೆ ಆಯಿಲ್ ಸೆನ್ಸರ್ ಎಂಜಿನ್ ಬಂದ್ ಮಾಡ್ತದೆ.

ಒದ್ದೆ ಇರುವಾಗ ವೆಲ್ಡಿಂಗ್ ಮಾಡುವವನ ಕಥೆ ಬೇರೆ. ಆರ್ಕ್ ಹಿಡಿಯುವ ಮೊದಲು ರಾಡ್ ಸಿಕ್ಕಿಸುವ ಹೋಲ್ಡರಲ್ಲಿ 60-80 ವೋಲ್ಟ್ ನಿಂತಿರ್ತದೆ, ಬೆವರಲ್ಲಿ ನೆನೆದ ಗ್ಲೌಸಿಗೆ ಅದು ಸಣ್ಣದಲ್ಲ. ಒಣ ಗ್ಲೌಸ್ ಇನ್ನೊಂದು ಜೊತೆ ಇಟ್ಕೊಳ್ಳಿ, ನಿಲ್ಲಲಿಕ್ಕೆ ಒಣ ಹಲಗೆ, ಹೋಲ್ಡರನ್ನು ಕಂಕುಳಲ್ಲಿ ಸಿಕ್ಕಿಸ್ಕೊಂಡು ಏಣಿ ಹತ್ತುವ ಅಭ್ಯಾಸ ಬಿಡಿ. ಅರ್ತ್ ಕ್ಲ್ಯಾಂಪ್ ವೆಲ್ಡ್ ಆಗುವ ಪೈಪಿಗೇ, ಹತ್ತಿರದಲ್ಲೇ, ಪೇಂಟ್ ಕೆರೆದು ಹಾಕಿ. ಸತುವಿನ ಲೇಪ ಇರುವ ಜಿಐ ಪೈಪಾದ್ರೆ ಹೊಗೆಗೆ ಎದುರು ನಿಲ್ಬೇಡಿ, ಆ ಸತುವಿನ ಹೊಗೆ ಕುಡಿದ್ರೆ ರಾತ್ರಿ ಚಳಿಜ್ವರ ಬರ್ತದೆ.

ಮೆಷಿನಲ್ಲಿ 230 ವೋಲ್ಟಿನ ಸಾಕೆಟ್ ಉಂಟು, ಗ್ರೈಂಡರಿಗೆ ಡ್ರಿಲ್ಲಿಗೆ ಒಳ್ಳೇದು, ಆದ್ರೆ ಒಬ್ಬ ವೆಲ್ಡಿಂಗ್ ಮಾಡುವಾಗ ಇನ್ನೊಬ್ಬ ಗ್ರೈಂಡರ್ ಹಿಡಿದ್ರೆ ಆರ್ಕ್ ಸಾಯ್ತದೆ. ಕರೆಂಟ್ ಹೋದಾಗ ಮನೆಯವರು ಬಂದು ಎರಡೂ ಕಡೆ ಪಿನ್ ಇರುವ ವಯರಲ್ಲಿ ಫ್ರಿಜ್ಜಿಗೆ ಕೊಡಿ, ಪ್ಲಗ್ಗಿಗೆ ಸಿಕ್ಕಿಸಿದ್ರೆ ಆಯ್ತಲ್ಲ ಅಂತಾರೆ. ಇಲ್ಲ ಅಂತ ಹೇಳಿ, ಬೇಜಾರಾದ್ರೂ ಪರ್ವಾಗಿಲ್ಲ. ಚೇಂಜ್‌ಓವರ್ ಸ್ವಿಚ್ (ಹೊರಗಿನ ಲೈನ್ ಕಡಿದು ಜನರೇಟರಿಗೆ ಬದಲಿಸುವ ಸ್ವಿಚ್) ಇಲ್ಲದೆ ಹಾಗೆ ಕೊಟ್ರೆ ಕರೆಂಟ್ ಲೈನಿಗೆ ಹಿಂದೆ ಹೋಗಿ ಟ್ರಾನ್ಸ್‌ಫಾರ್ಮರಲ್ಲಿ 11 ಸಾವಿರ ವೋಲ್ಟ್ ಆಗ್ತದೆ, ಗಾಳಿಮಳೆಗೆ ತುಂಡಾದ ತಂತಿ ಸರಿ ಮಾಡ್ಲಿಕ್ಕೆ ಕಂಬದಲ್ಲಿರುವ ಲೈನ್‌ಮ್ಯಾನ್ ಶಾಕ್ ಹೊಡೆದು ಸಾಯ್ತಾನೆ.

ಪೆಟ್ರೋಲ್ ಲೋಡಲ್ಲಿ ಗಂಟೆಗೆ ಎರಡೂವರೆ ಲೀಟರ್ ಹತ್ರ ಬೇಕು. ಟ್ಯಾಂಕ್ ತುಂಬಿಸುದು ಎಂಜಿನ್ ಆಫ್ ಮಾಡಿ ತಣ್ಣಗಾದ ಮೇಲೆ, ಚಾ ಕುಡಿಯುವ ಟೈಮಿಗೆ ಸರಿ ಹೊಂದಿಸ್ಕೊಳ್ಳಿ. ಕಿವಿಗೆ ಮಫ್ ಬೇಕೇ ಬೇಕು, ಈ ಶಬ್ದದಲ್ಲಿ ಇಡೀ ದಿನ ನಿಲ್ಲಲಿಕ್ಕೆ ಆಗುದಿಲ್ಲ.

ಮಾರಿದ ಅಂಗಡಿಯವರ ಹೆಸರು ಹಾಕುದಿಲ್ಲ. ಸ್ಟಾರ್ಟ್ ಮಾಡಿ ತೋರಿಸಿ ಬಿಲ್ ಕೊಟ್ರು, ಮೇಲೆ ಹೇಳಿದ್ದರಲ್ಲಿ ಒಂದು ಮಾತೂ ಹೇಳ್ಲಿಲ್ಲ, ಮ್ಯಾನುವಲ್ ಇಂಗ್ಲಿಷಲ್ಲಿ, ಸವೆದಾಗ ಬದಲಿಸುವ ಕಾರ್ಬನ್ ಬ್ರಷ್ ಕೇಳಿದ್ರೆ ಮುಂದಿನ ವಾರ ಅಂತಾರೆ. ಐದಕ್ಕೆ ಮೆಷಿನಿಗೆ ನಾಲ್ಕು, ಅಂಗಡಿಗೆ ಎರಡು. ತಿಂಗಳಿಗೆ ಒಂದೆರಡು ಸೈಟ್ ಮಾತ್ರ ಇರುವವರು ಬಾಡಿಗೆಗೆ ತಗೊಳ್ಳಿ, ದಿನಾ ಕೆಲಸ ಇರುವವರು ಬ್ರಷ್ ಎರಡು ಸೆಟ್ ಮೆಷಿನ್ ಜೊತೆಗೇ ಕೇಳಿ ತಗೊಂಡು ಆಮೇಲೆ ದುಡ್ಡು ಕೊಡಿ.